ಹದಮನೆಗೆ ಬಂದ ಗೋಲಿ ಸೋಡಾ

೧೯೯೬ನೇ ಇಸವಿ ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನೀಲಗಂಗವ್ವ ನನ್ನ ಮೇಜಿನ ಮೇಲೆ ಒಂದು ಹಸಿರು ಬಾಟ್ಲಿಯನ್ನಿಟ್ಟು ಅದರ ಬಾಯಿಗೆ ಹೆಬ್ಬೆರಳು ಒತ್ತಿದಳು. ಗೋಲಿ ಕೀಚಲು ದನಿ ಮಾಡಿ ಕೊರಳಿಗೆ ಬಿತ್ತು. ಸೋಡಾ ಹೊರಗೆ ಬಂತು, ಹಗ್ಗ ಇಳಿಬಿಟ್ಟಷ್ಟು ನೆಟ್ಟಗೆ, ಆದರೆ ಮೇಲುಮುಖವಾಗಿ ಹೋಯಿತು, ಜಂತಿಗೆ ಬಡಿದು ತಟ್ಟೆಯಗಲ ಹರಡಿಕೊಂಡು ಅಲ್ಲೇ ಬುಸುಗುಡುತ್ತ ಕೂತಿತು. ಗಡಿಯಾರ ನೋಡಿ ವೇಳೆ ಬರೆದುಕೊಳ್ಳುವುದು ನನ್ನ ಅಭ್ಯಾಸ. ನೀಲಗಂಗವ್ವನಿಗೆ ಆ ಅಭ್ಯಾಸ ಇರಲಿಲ್ಲವಾದ್ದರಿಂದ ಅವಳು ಬಾಯಿ ತೆರೆದು ಮೇಲೆ ನೋಡುತ್ತ ನಿಂತಳು.

"ಅಯ್ಯ ಶಿವನ! ಮ್ಯಾಲ ಹೋತಲ್ಲರೀ ಅಕ್ಕೋರ?"

"ಇಲ್ಲಿ ಹಂಗ ತಂಗಿ," ಎಂದ ನಮ್ಮ ಜವಾನ ದುರಗಪ್ಪ, ಉದ್ದ ಕೋಲಿಗೆ ಕಟ್ಟಿದ ಅರಿವೆಯನ್ನು ಮೂಲೆಯಿಂದ ತೆಗೆದುಕೊಳ್ಳುತ್ತ. "ಹೊಸಾದು ಯಾವುದೂ ಕೆಳಗ ಬೀಳೂದಿಲ್ಲ. ಸ್ವಲ್ಪ ಸರದು ನಿಂದ್ರು. ಹದ ಆಗಾಣ ಒಮ್ಮೆಲೆ ತಲಿ ಮ್ಯಾಲ ಇಳೀತೈತಿ."

ಆಗ ನಾನು ಈ ಊರಿಗೆ ಬಂದು ಆರು ವರ್ಷವಾಗಿತ್ತು. ಹೊರಗಿನ ಯಾವ ದ್ರವವೂ ಊರಿನ ಗಾಳಿಯೊಂದಿಗೆ ಸಮಕ್ಕೆ ಬರುವತನಕ, ಇಲ್ಲಿಯವರ ಮಾತಿನಲ್ಲಿ ಹದವಾಗುವತನಕ, ಇಲ್ಲಿ ಪಾತ್ರೆಯಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಹೋಗುತ್ತದೆ. ಊರಿನವರಿಗೆ ಇದು ಸೊಳ್ಳೆ ಕಾಟದಷ್ಟು ಮಾಮೂಲು. ಬೆಳಗಿನ ಬಸ್ಸಿಗೆ ಬರುವ ಹಾಲಿನ ಕ್ಯಾನಿನ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ. ಮುಚ್ಚಳದ ತೂತಿನಲ್ಲಿ ಕೋಲು ಇಳಿಸಿ ಅರ್ಧ ಗಂಟೆ ಮೆಲ್ಲಗೆ ಕೈಯಾಡಿಸುತ್ತಾರೆ. ಅಡುಗೆಮನೆಯ ಜಂತಿಗೆ ಬೋಗುಣಿಗಳನ್ನು ಬೋರಲು ಕಟ್ಟಿರುತ್ತಾರೆ. ಕೈತಪ್ಪಿದ ಎಣ್ಣೆ ಅದರೊಳಗೆ ಸೇರಿಕೊಳ್ಳುತ್ತದೆ, ಮನೆಯಾಕೆ ಕೆಳಗೊಂದು ಪಾತ್ರೆ ಇಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಾಳೆ. ಹೊರಊರಿನ ಮನುಷ್ಯ ಇಲ್ಲಿನ ಬೀದಿಯಲ್ಲಿ ಒಂದೇ ಒಂದು ಸಲ ಉಗುಳುತ್ತಾನೆ. ಮದುವೆಯಾಗಿ ಬಂದ ಹುಡುಗಿಯ ಕಣ್ಣೀರು ಮೊದಲ ವಾರ ಹುಬ್ಬು ದಾಟಿ ಬೈತಲೆಗೆ ಹೋಗುತ್ತದೆ. ಅದು ಕೆನ್ನೆಗೆ ಇಳಿದ ದಿನ ಅತ್ತೆಯಾದವಳು ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ. ನನಗೆ ಹಂಚುವವರು ಯಾರೂ ಇರಲಿಲ್ಲ. ಒಂಬತ್ತನೆಯ ದಿನ ಈರುಳ್ಳಿ ಹೆಚ್ಚುವಾಗ ಕಣ್ಣೀರು ಕೆಳಗಿಳಿದದ್ದನ್ನು ನಾನೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಇಂಥ ಊರಿನಲ್ಲಿ ಹದಮನೆ ಇಲ್ಲದೆ ನಡೆಯುವುದಿಲ್ಲ. ಸಂತೆಯಲ್ಲಿ ಮಾರುವ ಎಣ್ಣೆ, ಹಾಲು, ಕಷಾಯ, ಕಬ್ಬಿನ ಹಾಲು ಎಲ್ಲಕ್ಕೂ ಅಲ್ಲಿಯ ಮುದ್ರೆ ಬೇಕು. ಹದಮನೆ ಎಂದರೆ ಎರಡು ಕೋಣೆ, ಒಂದು ವಾಯುಭಾರಮಾಪಕ, ದುರಗಪ್ಪ, ನಾನು, ಮತ್ತು ಅಳತೆಯ ಗಾಜಿನ ಕೋಶ. ಕೋಶ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಕೊಳವೆ. ಸುತ್ತ ಇಪ್ಪತ್ತೇಳು ಡಿಗ್ರಿಯ ನೀರು ಹರಿಯುತ್ತಿರುತ್ತದೆ. ಒಳಗೆ ತಿರುಗುವ ಪುಟ್ಟ ಕಡ್ಡಿ, ಪಕ್ಕದಲ್ಲಿ ಆಮ್ಲಜನಕವನ್ನು ಗುರುತಿಸುವ ಸೂಜಿ, ಮೇಲೆ ಉದ್ದನೆಯ ಬಿರಡೆ, ಬಿರಡೆಯ ನಡುವೆ ಕೂದಲೆಳೆಯಷ್ಟು ತೂತು. ಮಾದರಿ ತುಂಬಿ, ಬಿರಡೆಯನ್ನು ತುಸು ಹಿಂದಕ್ಕೆಳೆದು ಒಂದು ಗುಳ್ಳೆ ಗಾಳಿ ಒಳಗೆ ಬಿಡಬೇಕು. ಕಡ್ಡಿ ತಿರುಗುತ್ತದೆ, ದ್ರವ ಗಾಳಿಯಿಂದ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ, ಬೇಡವಾದದ್ದನ್ನು ಬಿಡುತ್ತದೆ. ಸೂಜಿಗೆ ಜೋಡಿಸಿದ ಮಾಪಕದ ಮುಳ್ಳು ಏರುತ್ತದೆ, ನಿಧಾನವಾಗುತ್ತದೆ, ನಿಲ್ಲುತ್ತದೆ. ಹತ್ತು ನಿಮಿಷ ಅಲುಗದೆ ನಿಂತರೆ ಸಮಕ್ಕೆ ಬಂತೆಂದು ಅರ್ಥ. ಆಮೇಲೆ ಬಿರಡೆ ಒತ್ತಿ ಗುಳ್ಳೆಯನ್ನು ಪೂರ್ತಿ ಹೊರಹಾಕಿ, ಮುಳ್ಳು ಹಾಗೇ ನಿಂತಿದೆಯೇ ಎಂದು ಇನ್ನೊಮ್ಮೆ ನೋಡಬೇಕು. ಕಾಲೇಜಿನಲ್ಲಿ ನಾನು ಕಲಿತದ್ದೂ ಇದೇ ಉಪಕರಣದ ಮೇಲೆ. ಅಲ್ಲಿ ಗುಳ್ಳೆ ಮೇಲಿರುತ್ತಿತ್ತು, ದ್ರವ ಕೆಳಗೆ. ಇಲ್ಲಿ ಹೊಸ ದ್ರವ ಬಿರಡೆಗೆ ಅಂಟಿಕೊಂಡಿರುತ್ತದೆ, ಗುಳ್ಳೆ ತಳದಲ್ಲಿ ಮುದುರಿ ಕೂತಿರುತ್ತದೆ. ಸಮಕ್ಕೆ ಬಂದ ಗಳಿಗೆಯಲ್ಲಿ ಎರಡೂ ಜಾಗ ಬದಲಾಯಿಸಿಕೊಳ್ಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರವಾಗಿಲ್ಲ.

ನೀಲಗಂಗವ್ವ ಸೋಡಾ ಮಾರುವ ಪರವಾನಗಿಗೆ ಬಂದಿದ್ದಳು. ವಯಸ್ಸು ನಲವತ್ತರ ಆಚೀಚೆ. ತೋಳು ಗಟ್ಟಿ, ಸೋಡಾ ಮಿಶನ್ನಿನ ಚಕ್ರ ತಿರುಗಿಸಿ ತಿರುಗಿಸಿ ಬಲಭುಜ ಎಡಭುಜಕ್ಕಿಂತ ದಪ್ಪವಾಗಿತ್ತು. ಕೈಗಾಡಿಯ ಮೇಲೆ ಮಿಶನ್ನು, ಗ್ಯಾಸಿನ ಸಿಲಿಂಡರು, ಎರಡು ನೂರು ಬಾಟ್ಲಿ ಹೇರಿಕೊಂಡು ಬಂದಿದ್ದಳು. ಬಾವಿಯ ಪಕ್ಕ ಗಾಡಿ ನಿಲ್ಲಿಸಿ, ನಮ್ಮೂರ ನೀರಿನಲ್ಲೇ ಆ ದಿನದ ಮೊದಲ ಬಾಟ್ಲಿ ತುಂಬಿದ್ದಳು.

"ನಾಕು ಊರು ಬಿಟ್ಟೇನ್ರೀ," ಎಂದಳು ಒಂದೇ ಉಸಿರಿಗೆ. "ಎಲ್ಲಿ ಹೋದ್ರೂ ಲಾರಿ ಬರ್ತಾವ. ಬಣ್ಣದ ನೀರು, ಪ್ಲಾಸ್ಟಿಕ್ ಬಾಟ್ಲಿ, ಕರಂಟಿನ ಪೆಟಗಿ. ಗೋಲಿ ಸೋಡಾ ಅಂದ್ರ ಮಂದಿ ನಗ್ತಾರ. ಈ ಊರಿಗೆ ಮಾತ್ರ ಲಾರಿ ಬರೂದಿಲ್ಲಂತ ಕೇಳಿದ್ದೆ."

"ಬರ್ತಿತ್ತು," ಎಂದ ದುರಗಪ್ಪ. "ಒಮ್ಮೆ ಬಂದು ಪೆಟಗಿ ಇಳಿಸಿದ್ರು. ಮಂದಿ ಮುಚ್ಚಳಾ ತೆಗದ್ರು. ಆಮ್ಯಾಲ ಮೂರು ದಿನ ಹಂಚು ಅಂಟಂಟು, ಊರಾಗಿನ ಕಾಗಿ ಎಲ್ಲಾ ಹಂಚಿಗೆ ಕಾಲು ಸಿಗಸಿಕೊಂಡು ಕೂತಿದ್ದು. ಮತ್ತ ಬರಲಿಲ್ಲ."

"ಅದಕ್ಕ ಬಂದೀನಿ. ಈ ಊರೂ ಬ್ಯಾಡ ಅಂದ್ರ ಮಿಶನ್ ಗುಜರಿಗೆ ಹಾಕೂದ. ನನಗ ಬ್ಯಾರೆ ಕೆಲಸ ಬರೂದಿಲ್ರೀ ಅಕ್ಕೋರ. ಬರ್ತದ ಅಂತ ಸುಳ್ಳು ಹೇಳಾಕೂ ಬರೂದಿಲ್ಲ."

ಎರಡನೆಯ ಬಾಟ್ಲಿಯಿಂದ ಮಾದರಿ ತೆಗೆದೆ. ಅದಕ್ಕಾಗಿ ಬಾಟ್ಲಿಯನ್ನು ಕೋಶದ ಕೆಳಗೆ ಹಿಡಿದು ಮೇಲುಮುಖವಾಗಿ ತುಂಬಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಶುರುವಿನಲ್ಲಿ ಮುಳ್ಳು ಲೀಟರಿಗೆ ಸೊನ್ನೆ ದಶಾಂಶ ಆರು ಮಿಲಿಗ್ರಾಂ ತೋರಿಸಿತು. ಅಷ್ಟು ಕಡಿಮೆ ಅಂಕಿಯನ್ನು ನಾನು ಹದಮನೆಯಲ್ಲಿ ಎಂದೂ ನೋಡಿರಲಿಲ್ಲ. ಗ್ಯಾಸು ತುಂಬುವಾಗ ನೀರಿನಲ್ಲಿದ್ದ ಆಮ್ಲಜನಕವನ್ನು ಹೊರದಬ್ಬಿಬಿಟ್ಟಿತ್ತು. ನಮ್ಮೂರ ಬಾವಿಯ ನೀರೇ ಆದರೂ ಹೊಸ ದ್ರವದಂತೆ ಮೇಲೆದ್ದದ್ದು ಅದಕ್ಕೇ. ಕಡ್ಡಿ ತಿರುಗಿತು. ತಳದಲ್ಲಿದ್ದ ಗುಳ್ಳೆ ಬೆಳೆಯುತ್ತ ಹೋಯಿತು, ನಾನು ಮತ್ತೆಮತ್ತೆ ಬಿರಡೆ ಸರಿಪಡಿಸಿದೆ. ನಲವತ್ತೇಳು ನಿಮಿಷಕ್ಕೆ ಮುಳ್ಳು ಏಳು ದಶಾಂಶ ಮೂರು ನಾಲ್ಕಕ್ಕೆ ಬಂದು ನಿಂತಿತು. ಆ ದಿನದ ವಾಯುಭಾರಕ್ಕೆ, ಇಪ್ಪತ್ತೇಳು ಡಿಗ್ರಿಗೆ, ನಮ್ಮ ಊರಿನ ನೀರು ಎಷ್ಟು ತೋರಿಸಬೇಕೋ ಅಷ್ಟೇ. ಗುಳ್ಳೆ ಮೇಲಕ್ಕೆ ಹೋಯಿತು, ದ್ರವ ಕೆಳಗಿಳಿಯಿತು.

ನೀಲಗಂಗವ್ವ ಒಂದು ಹನಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟುಕೊಂಡಳು. ಅವಳ ಮುಖ ಬಾಡಿತು. "ಅಕ್ಕೋರ, ಇದು ಸೋಡಾ ಅಲ್ರೀ. ಸೋಡಾದ ಹೆಣ."

"ಸಮಕ್ಕೆ ಬಂದಿದೆಯಲ್ಲ," ಎಂದೆ ನಾನು. ನಿಯಮ ಕೇಳಿದ್ದು ಅಷ್ಟನ್ನೇ. ಮಾದರಿ ಸಮಕ್ಕೆ ಬರುತ್ತದೆಯೇ? ಬರುತ್ತದೆ. ಎಷ್ಟು ಹೊತ್ತಿಗೆ? ನಲವತ್ತೇಳು ನಿಮಿಷ. ಸಮಕ್ಕೆ ಬಂದ ಮೇಲೆ ಅದು ಏನಾಗಿ ಉಳಿಯುತ್ತದೆ ಎಂಬ ಅಂಕಣ ನನ್ನ ರಿಜಿಸ್ಟರಿನಲ್ಲಿ ಇರಲಿಲ್ಲ. ನಾನು ಮುದ್ರೆ ಒತ್ತಿದೆ. ಸೋಡಾವನ್ನು ಅವಳು ಹದ ಮಾಡಿಯೇ ಮಾರುತ್ತಾಳೆಂದು ನಾನು ತಿಳಿದೆ. ಹದಮನೆ ಒಮ್ಮೆ ಹದ ಮಾಡಿ ನೋಡಿತಲ್ಲ, ಇನ್ನು ಸೋಡಾವನ್ನು ಸೋಡಾದ ಹಾಗೆಯೇ ಮಾರಬಹುದೆಂದು ಅವಳು ತಿಳಿದಳು. ತಪ್ಪು ನನ್ನದೇ. ಆರು ವರ್ಷ ಅಳತೆ ಮಾಡಿದವಳು ಒಂದು ಪ್ರಶ್ನೆ ಹೆಚ್ಚು ಕೇಳಬಹುದಿತ್ತು.

ಬುಧವಾರದ ಸಂತೆಯಲ್ಲಿ ಗಾಡಿಯ ಮುಂದೆ ಮೊದಲು ನಿಂತವರು ಪಂಚರ ಹಿರಿಯ ಅಡಿವೆಪ್ಪನವರು. ತೊಂಬತ್ತಾರು ಕಿಲೋ ತೂಕ, ಇಸ್ತ್ರಿ ಮಾಡಿದ ಧೋತರ, ಮಾತಿಗೆ ಮುಂಚೆ ಒಂದು ಕೆಮ್ಮು. ನೀಲಗಂಗವ್ವ ಅಷ್ಟರಲ್ಲಿ ಉಪಾಯ ಕಂಡುಕೊಂಡಿದ್ದಳು: ಬಾಟ್ಲಿಯ ಬಾಯನ್ನು ತುಟಿಯಿಂದ ಪೂರ್ತಿ ಮುಚ್ಚಿಕೊಂಡು, ನಾಲಿಗೆಯಿಂದ ಗೋಲಿ ಒತ್ತಿ, ಸೋಡಾ ನೇರ ಗಂಟಲಿಗೆ ಹೋಗುವಂತೆ ಕುಡಿಯಬೇಕು. ಅಡಿವೆಪ್ಪನವರು ಹಾಗೇ ಕುಡಿದರು. ಕಣ್ಣಲ್ಲಿ ನೀರು ಬಂತು, ಮೂಗು ಚುರುಗುಟ್ಟಿತು. "ಏ, ಮಸ್ತ ಐತೆಲ್ಲ ಇದು!" ಎಂದರು. ಬಿಸಿಲು ಜೋರಾಗಿತ್ತು. ಒಂದಾದ ಮೇಲೆ ಒಂದು ನಾಲ್ಕು ಬಾಟ್ಲಿ ಮುಗಿಸಿದರು. ನಾಲ್ಕನೆಯದು ಮುಗಿಯುವಾಗ ಅವರ ಚಪ್ಪಲಿ ನೆಲದ ಮೇಲಿತ್ತು, ಅವರು ಚಪ್ಪಲಿಯ ಮೇಲಿರಲಿಲ್ಲ.

ಅರ್ಧ ಗೇಣಿಗಿಂತ ಹೆಚ್ಚೇ ಎದ್ದಿದ್ದರು ಎಂದು ನೋಡಿದವರು ಹೇಳುತ್ತಾರೆ. ನಾನಲ್ಲಿ ಇರಲಿಲ್ಲ, ಅಳೆಯಲಿಲ್ಲ. ಎತ್ತರ ದೊಡ್ಡದೇನಲ್ಲ. ಆದರೆ ಸಂತೆಯಲ್ಲಿ ಗಾಳಿ ಬೀಸುತ್ತಿತ್ತು. ಅಡಿವೆಪ್ಪನವರು ನಿಂತ ಭಂಗಿಯಲ್ಲೇ, ಕೈಯಲ್ಲಿ ಖಾಲಿ ಬಾಟ್ಲಿ ಹಿಡಿದು, ಬದನೆಕಾಯಿ ಸಾಲು ದಾಟಿ, ಮೆಣಸಿನಕಾಯಿ ಸಾಲು ದಾಟಿ, ಬಳೆಗಾರ್ತಿಯರ ನಡುವೆ ತೇಲಿಹೋದರು. ಹೆಂಗಸರು ಎದ್ದು ದಾರಿ ಬಿಟ್ಟರು. "ಗಾಬರಿ ಆಗಬ್ಯಾಡ್ರಿ, ನಾ ಸುಮ್ಮನ ಹೊಂಟೀನಿ," ಎಂದು ಅವರು ಎಡಬಲಕ್ಕೆ ಹೇಳುತ್ತ ಹೋದರಂತೆ. ಕೊನೆಗೆ ಒಬ್ಬಾಕೆ ಧೋತರದ ಚುಂಗು ಹಿಡಿದು ಬಳೆಯ ಪೆಟ್ಟಿಗೆಗೆ ಕಟ್ಟಿದಳು. ಏಳು ನಿಮಿಷದ ನಂತರ ಅವರು ಇಡೀ ಸಂತೆ ತಿರುಗಿ ನೋಡುವಂತೆ ತೇಗಿದರು, ಮತ್ತು ದೊಪ್ಪನೆ ಇಳಿದರು. ಒಂಬತ್ತು ಡಜನ್ ಬಳೆ ಒಡೆದವು.

ಮರುದಿನವೇ ಚಾವಡಿಯಲ್ಲಿ ಪಂಚರು ಸೇರಿದರು. ನನ್ನನ್ನು ಕರೆಸಿದರು, ನೀಲಗಂಗವ್ವನನ್ನೂ. ನಾನು ಎದ್ದು ನಿಂತು, ಮುದ್ರೆ ಒತ್ತಿದ್ದು ನನ್ನ ತಪ್ಪು, ಅವಳದಲ್ಲ ಎಂದೆ.

"ತಪ್ಪು ಯಾರದು ಅನ್ನೂದು ಬ್ಯಾರೆ ಮಾತು," ಎಂದರು ಅಡಿವೆಪ್ಪನವರು, ಕೆಮ್ಮಿ. "ನಾ ಸಿಟ್ಟಿನಿಂದ ಹೇಳಾಕತ್ತಿಲ್ಲ. ಸೋಡಾ ಛಲೋ ಐತಿ. ಆದ್ರ ನಾ ತೊಂಬತ್ತಾರು ಕಿಲೋ ಇದ್ದು ಬಳಿಗಾರ್ತಿ ತನಕ ಹೋದೆ. ಮೂವತ್ತು ಕಿಲೋದ ಮಂದಿ ಕುಡದ್ರ ಯಾವ ಊರಿಗೆ ಹೋಗಿ ಬೀಳ್ತಾರೊ?"

"ಹಂಗಾರ ಮನಿಯೊಳಗ ಕುಡೀಲಿ," ಎಂದಳು ನೀಲಗಂಗವ್ವ.

"ಬಾಗಲಾ ತಗದಿದ್ರ?"

ಅಡಿವೆಪ್ಪನವರು ಚಾವಡಿಯ ಹೊಸ್ತಿಲನ್ನು ತೋರಿಸಿದರು. "ಇದು ಲೆಕ್ಕ. ಎದ್ದವರ ಹಿಮ್ಮಡ ಈ ಹೊಸ್ತಿಲಾಕಿಂತ ಕೆಳಗಿದ್ರ, ಗಾಳಿ ಎಷ್ಟ ದಬ್ಬಿದ್ರೂ ಹೊಸ್ತಿಲಾ ತಡೀತೈತಿ, ಒಳಗ ಉಳೀತಾರ. ಮ್ಯಾಲ ಹೋದ್ರ ಹೊರಗ ಹೋದಂಗ. ಎಂಟು ದಿನ ಕೊಡ್ತೀನಿ. ಊರಾಗ ಎಲ್ಲಾರಕಿಂತ ಹಗೂರ ಇರೂ ದೊಡ್ಡವರು ಯಾರೊ, ಅವರು ಒಂದು ಬಾಟ್ಲಿ ಪೂರಾ ಕುಡದು ಈ ಹೊಸ್ತಿಲಾ ದಾಟಬಾರದು. ದಾಟಿದ್ರ, ತಂಗಿ, ಗಾಡಿ ತಿರಗಸ್ಕೊಂಡು ಹೋಗು. ಅಕ್ಕೋರ, ಅಳತಿ ನಿಮ್ಮದು."

ಹೊಸ್ತಿಲನ್ನು ಅಲ್ಲೇ ಅಳೆದೆ. ಎಪ್ಪತ್ತಾರು ಮಿಲಿಮೀಟರ್.

ಆ ಎಂಟು ದಿನ ಹದಮನೆಯಲ್ಲಿ ಎಣ್ಣೆ, ಹಾಲಿನವರ ಸಾಲು ಬೆಳಿಗ್ಗೆ ಹನ್ನೊಂದಕ್ಕೆ ಮುಗಿದರೆ, ಆಮೇಲೆ ಸಂಜೆಯ ತನಕ ನಾವು ಮೂವರು. ಕುಡಿಯುವ ಕೆಲಸ ದುರಗಪ್ಪನದು. ಐವತ್ತೆಂಟು ಕಿಲೋ ತೂಗುತ್ತಿದ್ದ ಅವನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿದೆ. ಒಂದು ಬಾಟ್ಲಿಗೆ ಅವನ ಹಿಮ್ಮಡಿ ಅರವತ್ತು ಮಿಲಿಮೀಟರ್ ಎದ್ದಿತು. ತೇಗು ಬರುವುದಕ್ಕೆ ಐದು ನಿಮಿಷ ಇಪ್ಪತ್ತು ಸೆಕೆಂಡು. ಅವನ ಅರ್ಧ ತೂಕದವರು ಅವನ ಎರಡರಷ್ಟು ಏಳುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದೆ. ನೀಲಗಂಗವ್ವ ಲೆಕ್ಕದ ಕಾಗದವನ್ನು ಬಹಳ ಹೊತ್ತು ನೋಡಿದಳು, ನೋಡಿದರೆ ಅಂಕಿ ಕರಗೀತೇನೋ ಎನ್ನುವ ಹಾಗೆ.

ಮೊದಲು ಗ್ಯಾಸು ಕಡಿಮೆ ಮಾಡಿದೆವು. ಮುಕ್ಕಾಲು, ಅರ್ಧ, ಕಾಲು. ದುರಗಪ್ಪ ಕಡಿಮೆ ಎದ್ದ. ಆದರೆ ಪ್ರತಿ ಸಲವೂ ನೀಲಗಂಗವ್ವ ಒಂದು ಗುಟುಕು ರುಚಿ ನೋಡಿ ತಲೆ ಅಲ್ಲಾಡಿಸಿದಳು. "ಗಂಟಲಿಗೆ ಸುದ್ದಿ ಮುಟ್ಟವಲ್ದು ಅಕ್ಕೋರ. ಇದನ್ನ ಮಾರೂದಾದ್ರ ಆ ಬಣ್ಣದ ನೀರಿನವರು ಏನ್ ತಪ್ಪು ಮಾಡ್ಯಾರ?"

"ಊರು ಬಿಟ್ಟು ಹೋಗೋದಕ್ಕಿಂತ ಇದು ವಾಸಿ ಅಲ್ಲವಾ?" ಎಂದೆ.

"ಇದನ್ನ ಮಾರಿ ಇಲ್ಲೇ ಉಳದ್ರ, ಉಳದಾಕಿ ಯಾರ್ರೀ?"

ಮುದ್ರೆ ಒತ್ತಿದ ದಿನ ನನ್ನ ರಿಜಿಸ್ಟರಿನಲ್ಲಿ ಇಲ್ಲದಿದ್ದ ಅಂಕಣವನ್ನೇ ಅವಳು ಬಾಯಲ್ಲಿ ಹೇಳಿದ್ದಳು. ಗ್ಯಾಸನ್ನು ಮತ್ತೆ ಪೂರ್ತಿಗೆ ಏರಿಸಿದೆವು.

ಐದನೆಯ ದಿನ ದುರಗಪ್ಪನ ಹೊಟ್ಟೆ ಮುಷ್ಕರ ಹೂಡಿತು. ತೇಗು ಬಾರದೆ ಎಂಟು ನಿಮಿಷ ಗೋಡೆಗೆ ಒರಗಿ ಗಾಳಿಯಲ್ಲಿ ನಿಂತು ಅವನು ದೈವಗಳನ್ನೆಲ್ಲ ನೆನೆದ. ನೀಲಗಂಗವ್ವ ಸೆರಗಿನ ಗಂಟು ಬಿಚ್ಚಿ ಉಪ್ಪು ಹಾಕಿ ಹುರಿದು ಕುಟ್ಟಿದ ಜೀರಿಗೆ ಪುಡಿ ತೆಗೆದು, ಕುರ್ಚಿಯ ಮೇಲೆ ನಿಂತು ಅವನ ನಾಲಿಗೆಗೆ ಹಾಕಿದಳು. ಹತ್ತು ಎಣಿಸುವಷ್ಟರಲ್ಲಿ ಅವನು ತೇಗಿ ಕೆಳಗಿಳಿದ.

"ಹೊಟ್ಟಿ ಉಬ್ಬರಸಿದ್ರ ನಮ್ಮ ಕಡೆ ಇದನ್ನ ಕೊಡೂದು," ಎಂದಳು ಅವಳು, ದೊಡ್ಡ ವಿಷಯವಲ್ಲವೆಂಬಂತೆ.

ನಾನು ಕೋಶವನ್ನೇ ನೋಡುತ್ತ ಕೂತೆ. ಒಳಗೆ ಕಡ್ಡಿ ತಿರುಗುತ್ತಿತ್ತು. ಕಡ್ಡಿ ನಿಲ್ಲಿಸಿದರೆ ಮಾದರಿ ಸಮಕ್ಕೆ ಬರುವುದಕ್ಕೆ ಇಡೀ ದಿನ ಬೇಕು. ತಿರುಗಿಸಿದರೆ ಮುಕ್ಕಾಲು ಗಂಟೆ. ಮನುಷ್ಯನ ಹೊಟ್ಟೆಯಲ್ಲಿ ಕಡ್ಡಿ ತಿರುಗಿಸುವವರು ಯಾರು? ನಾನು ಕೋಶಕ್ಕೆ ಹೊಸ ಸೋಡಾ ತುಂಬಿ, ಚಿಟಿಕೆ ಉಪ್ಪು-ಜೀರಿಗೆ ಹಾಕಿ ಬಿರಡೆ ಮುಚ್ಚಿದೆ. ಪುಡಿಯ ಒಂದೊಂದು ಕಣಕ್ಕೂ ಗುಳ್ಳೆಗಳು ಮುತ್ತಿಕೊಂಡು ಒಂದರ ಹಿಂದೊಂದು ಬಿಟ್ಟುಹೋದವು. ನಲವತ್ತೇಳು ನಿಮಿಷದ ಕೆಲಸ ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ದುರಗಪ್ಪ ಒಂದು ದಿನ ವಿಶ್ರಾಂತಿ ತೆಗೆದುಕೊಂಡು ಬಂದು, ನಾಲಿಗೆಗೆ ಪುಡಿ ಹಾಕಿಕೊಂಡು, ಗ್ಯಾಸು ಪೂರ್ತಿ ಇದ್ದ ಸೋಡಾ ಕುಡಿದ. ನಲವತ್ತೆಂಟು ಸೆಕೆಂಡಿಗೆ ತೇಗು. ಎದ್ದದ್ದು ಇಪ್ಪತ್ನಾಲ್ಕು ಮಿಲಿಮೀಟರ್. ಮೂವತ್ತು ಕಿಲೋದವರು ಕುಡಿದರೂ ಐವತ್ತು ದಾಟುವುದಿಲ್ಲ. ನೀಲಗಂಗವ್ವ ನನ್ನ ಎರಡೂ ಕೈ ಹಿಡಿದು ಕುಲುಕಿದಳು. ಬಲಗೈ ಎರಡು ದಿನ ನೋಯುತ್ತಿತ್ತು.

ಮಾರ್ಚ್ ಇಪ್ಪತ್ತೆರಡರಂದು ಚಾವಡಿ ತುಂಬಿತ್ತು. ಊರಿನಲ್ಲಿ ಎಲ್ಲರಿಗಿಂತ ಹಗುರ ಯಾರು ಎಂಬ ಚರ್ಚೆ ನಡೆದಿತ್ತು. ದರ್ಜಿಯ ಹೆಸರು ಬಂತು, ಅರ್ಚಕರ ತಂಗಿಯ ಹೆಸರು ಬಂತು. ಆಗ ಹೊಸ್ತಿಲ ಹೊರಗಿನಿಂದ ಒಂದು ದನಿ, "ಏ, ಯಾಕ ಅಷ್ಟು ವಿಚಾರ ಮಾಡ್ತೀರಿ? ನಾ ಸತ್ತೇನೇನು?" ಅಡಿವೆಪ್ಪನವರ ತಾಯಿ ಸಾವಂತ್ರೆವ್ವ ಇಬ್ಬರ ಹೆಗಲು ಹಿಡಿದು ಒಳಗೆ ಬಂದರು. ಎಂಬತ್ತಾರು ವರ್ಷ, ಮೂವತ್ತಮೂರು ಕಿಲೋ. ಮೊಣಕಾಲು ಎರಡೂ ಹುಣಸೆಕಾಯಿಯ ಹಾಗೆ ಬಾಗಿದ್ದವು.

"ಅವ್ವಾ, ನಿನಗ್ಯಾಕ ಬೇಕು ಇದು?" ಎಂದರು ಅಡಿವೆಪ್ಪನವರು, ಕೆಮ್ಮುವುದನ್ನೂ ಮರೆತು.

"ನೀ ಬಳಿಗಾರ್ತ್ಯಾರ ನಡುವ ತೇಲಿಕೋಂತ ಹೋಗಬಹುದು, ನಾ ಚಾವಡ್ಯಾಗ ಒಂದು ಗುಟುಕು ಕುಡೀಬಾರದೇನು?"

ಚಾವಡಿ ನಕ್ಕಿತು. ಸಾವಂತ್ರೆವ್ವನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದೆವು, ನಾನು ಪಟ್ಟಿ ಹಿಡಿದು ನೆಲಕ್ಕೆ ಕೂತೆ. ನೀಲಗಂಗವ್ವ ನಾಲಿಗೆಗೆ ಪುಡಿ ಹಾಕಿದಳು, ಬಾಟ್ಲಿ ಕೊಟ್ಟಳು. ಹಲ್ಲಿಲ್ಲದ ಬಾಯಿ ಬಾಟ್ಲಿಗೆ ಗಟ್ಟಿಯಾಗಿ ಹೊಂದಿಕೊಂಡಿತು. ಅಷ್ಟು ಅಚ್ಚುಕಟ್ಟಾಗಿ ಯಾರೂ ಕುಡಿದದ್ದನ್ನು ನಾನು ನೋಡಿಲ್ಲ. ಒಂದು ಹನಿಯೂ ಮೇಲಕ್ಕೆ ಹೋಗಲಿಲ್ಲ.

ಹಿಮ್ಮಡಿ ಎದ್ದಿತು. ಹತ್ತು. ಇಪ್ಪತ್ತು. ನಾನು ಜೋರಾಗಿ ಓದುತ್ತಿದ್ದೆ. ಮೂವತ್ತು. ಗಡಿಯಾರ ನಲವತ್ತು ಸೆಕೆಂಡು ತೋರಿಸಿತು, ನಲವತ್ತೆಂಟು, ಐವತ್ತೈದು. ನಲವತ್ತೆರಡು ಮಿಲಿಮೀಟರಿಗೆ ತೇಗು ಬರಬೇಕಿತ್ತು. ಬರಲಿಲ್ಲ. ತಲೆಯೆತ್ತಿ ನೋಡಿದೆ. ಸಾವಂತ್ರೆವ್ವ ಎರಡೂ ತುಟಿ ಒಳಗೆ ಮಡಿಸಿ ಬಾಯಿ ಬಿಗಿ ಹಿಡಿದಿದ್ದರು. ಮುಖ ಕೆಂಪಗಾಗಿತ್ತು. ಆದರೆ ಕಣ್ಣು ನಗುತ್ತಿದ್ದವು, ಮತ್ತು ಬಾಗಿದ ಕಾಲುಗಳು ಗಾಳಿಯಲ್ಲಿ ನಿಧಾನವಾಗಿ ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ಮೊದಲು ಎಡ, ಆಮೇಲೆ ಬಲ.

"ಅರವತ್ತು," ಎಂದೆ.

"ಆಯಿ, ತೇಗ್ರಿ," ಎಂದಳು ನೀಲಗಂಗವ್ವ ಮೆಲ್ಲಗೆ. "ನಿಮ್ಮ ಕಾಲಿಗೆ ಬೀಳ್ತೀನಿ, ತೇಗ್ರಿ."

ಸಾವಂತ್ರೆವ್ವ ತಲೆ ಅಲ್ಲಾಡಿಸಿ ಬೇಡವೆಂದರು. ಮೊಣಕಾಲನ್ನು ಮುಟ್ಟಿ ತೋರಿಸಿದರು. ನೋವು ಇಲ್ಲ ಎಂದು ಕೈಬೀಸಿದರು. ಎಪ್ಪತ್ತು. ಎಪ್ಪತ್ತಾರು. ಎಪ್ಪತ್ತೆಂಟು. ನೀಲಗಂಗವ್ವ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಬಾಗಿಲಿನಿಂದ ಗಾಳಿ ಬಂತು, ಮುದುಕಿ ಕಂಬ ಬಿಟ್ಟು ಒಂದು ಮಾರು ತೇಲಿದರು. ಅಡಿವೆಪ್ಪನವರು ಎದ್ದು ಓಡಿಹೋಗಿ ತಾಯಿಯ ಸೀರೆಯ ಅಂಚು ಹಿಡಿದರು.

"ಅವ್ವಾ! ತೇಗು! ನನ್ನ ಮಾತು ಕೇಳು, ತೇಗು!"

ಸಾವಂತ್ರೆವ್ವ ಬೆರಳನ್ನು ನೀಲಗಂಗವ್ವನ ಕಡೆಗೆ ತೋರಿಸಿದರು. ಆಮೇಲೆ ಚಾವಡಿಯ ನೆಲದ ಕಡೆಗೆ. ಆಮೇಲೆ ಮಗನ ಎದೆಯ ಕಡೆಗೆ ತೋರಿಸಿ ಹುಬ್ಬೇರಿಸಿದರು. ಊರಿಗೆಲ್ಲ ತಿಳಿಯಿತು.

"ನಿಯಮ ಐತೆವ್ವಾ..."

ಹುಬ್ಬು ಇನ್ನೂ ಮೇಲೇರಿತು. ಅವರೂ ಏರಿದರು. ನಾನು ಪಟ್ಟಿ ಹಿಡಿದು ನೆಲದ ಮೇಲೆ ಅವರ ಹಿಂದೆ ತೆವಳುತ್ತಿದ್ದೆ.

"ಆತು! ಇರ್ಲಿ ಆಕಿ! ಇಲ್ಲೇ ಇರ್ಲಿ! ತೇಗು ಮಾರಾಯ್ತಿ!"

ಸಾವಂತ್ರೆವ್ವ ತೇಗಿದರು. ಮೂವತ್ತಮೂರು ಕಿಲೋದ ದೇಹದಿಂದ ಅಂಥ ಶಬ್ದ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಜಂತಿಯ ಮೇಲಿದ್ದ ಪಾರಿವಾಳ ಹಾರಿಹೋದವು. ಮುದುಕಿ ಮಗನ ಕೈಗೆ ಎಲೆಯಂತೆ ಇಳಿದರು, ಕಾಲು ನೆಲಕ್ಕೆ ತಾಗುತ್ತಲೇ ಮೊಣಕಾಲು ಮತ್ತೆ ಬಾಗಿದವು. "ಹನ್ನೊಂದು ವರ್ಷ ಆಗಿತ್ತೊ," ಎಂದರು, "ಈ ಕಾಲು ನನ್ನ ಹೊತ್ತು ಹೊತ್ತು ಬೈಯದ ಸುಮ್ಮನಿದ್ದಿದ್ದು."

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನೀಲಗಂಗವ್ವನೂ. ನಾನು ಹೇಳಬಹುದಾಗಿದ್ದ ಸುಳ್ಳು ಸಣ್ಣದು. ನೆಲದ ಮೇಲೆ ತೆವಳುವವಳ ಪಟ್ಟಿಯನ್ನು ಇನ್ನಾರೂ ನೋಡಿರಲಿಲ್ಲ. ಒಮ್ಮೆ ಕೇಳಬೇಕಾದ್ದನ್ನು ಕೇಳದೆ ಮುದ್ರೆ ಒತ್ತಿದ್ದೆ. ಈ ಸಲ ನೋಡಿದ್ದನ್ನು ಹೇಳದೆ ಇರಲು ನನ್ನಿಂದ ಆಗಲಿಲ್ಲ.

"ನೂರ ಮೂರು ಮಿಲಿಮೀಟರ್," ಎಂದೆ.

"ಹೊಸ್ತಿಲಾ ಎಪ್ಪತ್ತಾರು," ಎಂದರು ಪಂಚರಲ್ಲೊಬ್ಬರು, ನಾಚಿಕೆಯಿಂದ. "ದಾಟೇತ್ರಿ."

ನೀಲಗಂಗವ್ವ ಎದ್ದು ಸೀರೆಯ ಧೂಳು ಕೊಡವಿಕೊಂಡಳು. ಖಾಲಿ ಬಾಟ್ಲಿ ತೆಗೆದುಕೊಂಡಳು. ಅವಳ ಕಣ್ಣಿನಿಂದ ಒಂದು ಹನಿ ಹೊರಟು ಹುಬ್ಬಿನ ತನಕ ಹೋಗಿ, ಅಲ್ಲೇ ತಡೆದು ನಿಂತಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಸಾವಂತ್ರೆವ್ವ ಮಗನ ಮುಖ ನೋಡಿದರು. ಅಡಿವೆಪ್ಪನವರು ತಾಯಿಯನ್ನು ನೋಡಿದರು, ನನ್ನ ಪಟ್ಟಿಯನ್ನು ನೋಡಿದರು. ಕೊಟ್ಟ ಮಾತು ಒಂದು ಕಡೆ, ಇಟ್ಟ ಲೆಕ್ಕ ಒಂದು ಕಡೆ. ಅವರು ಬಾಗಿಲ ತನಕ ನಡೆದು ಹೋಗಿ ಹೊಸ್ತಿಲ ಮೇಲೆ ಕಾಲಿಟ್ಟು ನಿಂತರು.

"ಅಕ್ಕೋರ, ಅಂಕಿ ಬದಲ ಮಾಡಾಕ ಬರೂದಿಲ್ಲಲ್ಲ?"

"ಬರೋದಿಲ್ಲ."

"ಬ್ಯಾಡ, ಬ್ಯಾಡ. ಮಾಡಬ್ಯಾಡ್ರಿ." ಕೆಮ್ಮಿದರು. "ಗೌಂಡೇರ ಮಲಕಪ್ಪ ಅದಾನೇನು ಇಲ್ಲಿ? ಏ ಮಲಕಪ್ಪ, ಈ ಹೊಸ್ತಿಲದ ಮ್ಯಾಲ ಇನ್ನೊಂದು ಕಲ್ಲು ಕೂಡ್ರಸಾಕ ಎಷ್ಟೊತ್ತು ಬೇಕು?"

"ನಾಳೆ ಮಧ್ಯಾಹ್ನದಾಗ ಆಕ್ಕೈತ್ರಿ."

"ಕೂಡ್ರಸು. ಸೋಡಾ ಚಾವಡಿ ಒಳಗ ಮಾರೂದು, ಒಳಗ ಕುಡಿಯೂದು, ತೇಗಿದ ಮ್ಯಾಲ ಹೊರಗ ಹೋಗೂದು. ಯಾರಿಗರ ತಕರಾರ ಐತೇನು?"

ತಕರಾರು ಇದ್ದದ್ದು ದುರಗಪ್ಪನಿಗೆ ಮಾತ್ರ. ಅವನು ಆ ಹೊಸ್ತಿಲನ್ನು ದಿನಕ್ಕೆ ನಾಲ್ಕು ಸಲ ದಾಟುವವನು. ಅದನ್ನು ಅವನು ಗಟ್ಟಿಯಾಗಿ ಹೇಳಲಿಲ್ಲ.

ಮಾರ್ಚ್ ಇಪ್ಪತ್ತಮೂರು, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕಲ್ಲು ಕೂತಿತು. ನೀಲಗಂಗವ್ವನ ಗಾಡಿಯನ್ನು ಕಲ್ಲು ಕೂಡಿಸುವ ಮೊದಲೇ ಒಳಗೆ ತಂದಿದ್ದರು. ಆಮೇಲಾದರೆ ಗಾಲಿ ಹತ್ತುತ್ತಿರಲಿಲ್ಲ, ಮತ್ತು ಇನ್ನು ಮುಂದೆ ಅದು ಹೊರಗೆ ಹೋಗುವಂತೆಯೂ ಇರಲಿಲ್ಲ. ಸಾವಂತ್ರೆವ್ವ ಬೆಳಿಗ್ಗೆಯೇ ಬಂದು ಕಂಬದ ಪಕ್ಕ ಜಾಗ ಹಿಡಿದಿದ್ದರು. ರಿಜಿಸ್ಟರಿಗೆ ಬೇಕೆಂದು ನಾನು ಪಟ್ಟಿ ತೆಗೆದುಕೊಂಡು ಹೋಗಿ ಹೊಸ್ತಿಲನ್ನು ಎಡತುದಿಯಲ್ಲಿ, ನಡುವೆ, ಬಲತುದಿಯಲ್ಲಿ, ಮೂರು ಕಡೆ ಅಳೆದೆ. ಸರಾಸರಿ ಎತ್ತರ ನೂರ ಹನ್ನೆರಡು ಮಿಲಿಮೀಟರ್.